ಆಚೆ ದಂಡೆಯ ಕಂದೀಲು

ಬಡಿದು ಬಟ್ಟೆ ಮಾಡಲು ನೆನೆಹಾಕಿದ ತೊಗಟೆಯ ಪಟ್ಟಿ ಇನ್ನೂ ಗೇಣಗಲವೂ ಆಗಿರಲಿಲ್ಲ. ದಿಮ್ಮಿಯ ಈ ಬದಿಗೆ ಸಿಲಿಯಾ, ಎದುರಿಗೆ ಗೆಳತಿ ಕಲೋನಿ, ತುದಿಯಲ್ಲಿ ಫುಸಿ ಅತ್ತೆ. ಮೂರು ಕೊಡತಿಗಳು ಒಂದರ ಬೆನ್ನಿಗೊಂದು ಬೀಳುತ್ತಿದ್ದವು. ಟೊಕ್, ಟೊಕ್, ಟೊಕ್... ಪೆಟ್ಟು ತಪ್ಪಬಾರದೆಂದು ಮೂವರೂ ಹಾಡಿಕೊಳ್ಳುತ್ತಿದ್ದರು.

ಬಂದೆ ಬಂದೆ, ಮರಳಿಗೆ ಬಂದೆ,
ಪಾದಕೆ ನೀರು, ಮೊಣಕಾಲ ನೀರು...

ಮುಗಿದ ಕೂಡಲೇ ಮತ್ತೆ ಮೊದಲಿಂದ. ಬಂದೆ ಬಂದೆ, ಮರಳಿಗೆ ಬಂದೆ...

"ನಿಲ್ಲಿಸ್ಬೇಡಿ! ದಯವಿಟ್ಟು ನಿಲ್ಲಿಸ್ಬೇಡಿ!"

ಗಂಡಸಿನ ದನಿ! ಮೂರು ಕೊಡತಿಗಳೂ ಗಾಳಿಯಲ್ಲೇ ನಿಂತವು.

ಬಾಗಿಲಲ್ಲಿ ಒಬ್ಬ ನಿಂತಿದ್ದ. ಮರ್ಯಾದೆಗೆಂದು ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿದ ಚಾಪೆ ಒಂದು ಕಡೆ ಜಾರಿತ್ತು. ಸೈಕಲ್ಲನ್ನು ಎಲ್ಲೋ ಬೀಳಿಸಿ ಓಡಿ ಬಂದವನ ಹಾಗೆ ಏದುಸಿರು ಬಿಡುತ್ತಿದ್ದ. ಅವನ ಕಣ್ಣು ನೇರವಾಗಿ ಸಿಲಿಯಾಳ ಮೇಲೆ ಬಿದ್ದಿತ್ತು.

"ಅಯ್ಯೋ... ನಿಲ್ಲಿಸಿಬಿಟ್ರಲ್ಲ!" ಎಂದ, ಕೈಗೆ ಬಂದ ಮೀನನ್ನು ಕಳೆದುಕೊಂಡವನಂತೆ.

"ಯಾರಪ್ಪಾ ನೀನು?" ಫುಸಿ ಅತ್ತೆ ಕೊಡತಿಯನ್ನು ಇಳಿಸದೆಯೇ ಕೇಳಿದಳು.

"ಕಲಾಫಿ ಅಂತ. ಆಚೆ ದಂಡೆ ಸ್ಕೂಲಿಗೆ ಹಾಡಿನ ಮೇಷ್ಟ್ರು. ಊರು ವವಾವು ದ್ವೀಪ. ಅಮ್ಮನೂ ನಾನೂ ಇಲ್ಲಿಗೆ ಬಂದು ತಿಂಗಳಾಯ್ತು. ನೀವು ಹಾಡ್ತಿದ್ರಲ್ಲ, ಆ ಹಾಡು..."

"ಹಾಡಾ?" ಕಲೋನಿ ಕಿಸಕ್ಕನೆ ನಕ್ಕಳು. "ಮೇಷ್ಟ್ರೇ, ಅದು ಹಾಡಲ್ಲ. ತೊಗಟೆ ನೆನೆಸೋ ಲೆಕ್ಕ. ಪಾದದಷ್ಟು ನೀರು, ಮೊಣಕಾಲಷ್ಟು ನೀರು... ಚಿಕ್ಕ ಮಕ್ಕಳಿಗೂ ಗೊತ್ತು."

"ಅದನ್ನ ಯಾರಾದ್ರೂ ಕೇಳಿಸ್ಕೊಂಡಿದೀರಾ?"

"ದಿನಾ ಹಾಡ್ತೀವಲ್ಲ!"

"ಹಾಡ್ತೀರಿ. ಕೇಳಿಸ್ಕೊಂಡಿದೀರಾ?"

ಕಲೋನಿ ಫುಸಿ ಅತ್ತೆಯ ಮುಖ ನೋಡಿದಳು. ಸಿಲಿಯಾಳ ಎದೆಯಲ್ಲಿ ಮಾತ್ರ ನಾಲ್ಕನೆಯ ಕೊಡತಿಯೊಂದು ಬಡಿಯತೊಡಗಿತು. ಇಷ್ಟು ವರ್ಷ ಈ ದಿಮ್ಮಿಯ ಮುಂದೆ ಕೂತು, ಯಾರ್ಯಾರದೋ ಮದುವೆಗೆ, ಯಾರ್ಯಾರದೋ ಸಾವಿಗೆ ಬಟ್ಟೆ ಬಡಿದಿದ್ದಳು. ಅವಳ ದನಿಗಾಗಿ ಯಾರೂ ಸೈಕಲ್ ಬೀಳಿಸಿರಲಿಲ್ಲ!

"ಇನ್ನೂ ಇದೆ," ಎಂದಳು ಮೆಲ್ಲಗೆ. "ಇವರಿಗೆ ಎರಡೇ ಸಾಲು ಗೊತ್ತು. ಅಜ್ಜಿ ನಂಗೆ ಪೂರ್ತಿ ಕಲಿಸಿದಾಳೆ."

ಕಲಾಫಿಯ ಮುಖ ಅರಳಿದ್ದನ್ನು ನೋಡಿ ಅವಳಿಗೆ ತುಂಟತನ ಉಕ್ಕಿತು.

"ಒಂದೇ ಸಲಕ್ಕೆ ಹೇಳೋಕಾಗಲ್ಲ. ದಿನಕ್ಕೆ ಒಂದು ಸಾಲು. ಬೇಕಾದ್ರೆ ಬನ್ನಿ."

* * *

ಅವನು ಬಂದ. ಮರುದಿನವೇ ಬಂದ!

ಎರಡು ದ್ವೀಪಗಳ ನಡುವೆ ಈಗ ಕಲ್ಲು ಸುರಿದ ಕಟ್ಟೆದಾರಿ ಇದೆ. ಸಾಲೊಂದನ್ನು ಪಡೆಯಲು ಅವನು ಆ ದಾರಿಯುದ್ದಕ್ಕೂ ಎದುರುಗಾಳಿಯಲ್ಲಿ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಅಂಗಳದಲ್ಲಿ ಒಣಗಲು ಹರವಿದ ಬಟ್ಟೆಗಳ ಅಂಚಿಗೆ ಕಲ್ಲಿಡಲು ಸಹಾಯ ಮಾಡುತ್ತಿದ್ದ. ತಾನು ಹುಡುಕಿದ ಹಾಡುಗಳ ಸುದ್ದಿ ಹೇಳುತ್ತಿದ್ದ. ಸೋರೆಬುರುಡೆಗೆ ನೀರು ತುಂಬುವಾಗಿನ ಹಾಡು, ಹಂದಿಮರಿ ಕರೆಯುವ ಹಾಡು, ಶಾರ್ಕ್ ಮೀನನ್ನು ದೋಣಿಯ ಹತ್ತಿರ ಕರೆಯುವ ಹಾಡು...

"ಹಂದಿ ಕರೆಯೋದೂ ಹಾಡೇನ್ರೀ?" ಸಿಲಿಯಾ ನಕ್ಕಳು.

"ಹಂದಿ ಬರುತ್ತಲ್ಲ! ನನ್ನ ಹಾಡಿಗೆ ಮಕ್ಕಳೇ ಬರಲ್ಲ."

ಸತಾಯಿಸಿ ಸತಾಯಿಸಿ ಮೂರನೆಯ ಸಾಲು ಕೊಟ್ಟಳು. ಸೊಂಟಕೆ ನೀರು, ನಿಂತೆ ನಿಂತೆ.

ಇನ್ನಷ್ಟು ದಿನ ಕಾಯಿಸಿ ನಾಲ್ಕನೆಯದನ್ನು ಕೊಟ್ಟಳು. ಕೊರಳಿನ ಹೂವು ತೊಯ್ದು ತೊಯ್ದು.

ಅಂಚಿಗಿಡಲು ಎತ್ತಿದ್ದ ಕಲ್ಲನ್ನು ಅವನು ಹಾಗೇ ಹಿಡಿದುಕೊಂಡ. ಆಮೇಲೆ ಕೇಳಿದ: "ಸಿಲಿಯಾ, ತೊಗಟೆ ನೆನೆಸೋಕೆ ನೀರಿಗಿಳಿಯೋಳು ಕೊರಳಿಗೆ ಹೂಮಾಲೆ ಯಾಕೆ ಹಾಕ್ಕೋತಾಳೆ?"

ಅಂದಿನಿಂದ ದಿಮ್ಮಿಯ ಮುಂದೆ ಕೂತಾಗಲೆಲ್ಲ ಹೂ ಹಾಕಿಕೊಂಡ ಆ ಹೆಣ್ಣು ಅವಳ ಕಣ್ಣೆದುರು ಬಂದು ನಿಲ್ಲುತ್ತಿದ್ದಳು. ಸೊಂಟದವರೆಗಿನ ನೀರಿನಲ್ಲಿ, ಒಬ್ಬಳೇ. ಯಾರಿಗಾಗಿ?

'ನಾನೂ ನಾಳೆ ಒಂದು ಹೂ ಮುಡ್ಕೊಳ್ಲಾ?' ಎಂದುಕೊಂಡಳು. ಆಮೇಲೆ ತನಗೆ ತಾನೇ ನಾಚಿದಳು.

* * *

ಅಷ್ಟರಲ್ಲಿ ಆಚೆ ದಂಡೆಯಿಂದ ಮಾಲಕೈ ತಾತ ಬಂದರು. ಸ್ಕೂಲಿನ ಚಾವಣಿ ಬಿರುಗಾಳಿಗೆ ಹಾರಿಹೋಗಿತ್ತು. ಹಣ ಕೂಡಿಸಲು ಗಂಡಸರೆಲ್ಲ ಪ್ರತಿ ಶುಕ್ರವಾರ ಸಂಜೆ ಕಾವಾ ಕುಡಿಯಲು ಕೂಡುತ್ತಿದ್ದರು, ಕುಡಿದವರು ಕಾಸು ಹಾಕುತ್ತಿದ್ದರು. ಕಾವಾ ಬೇರಿನ ಪುಡಿ ಕಲಸಿ ಕರಟದಲ್ಲಿ ಹಂಚಲು ಮದುವೆಯಾಗದ ಹೆಣ್ಣೊಬ್ಬಳು ಬೇಕು. ಅವಳು ಆ ಸುತ್ತಿನಲ್ಲಿ ಕೂತ ಯಾರಿಗೂ ತಂಗಿಯಾಗಬಾರದು.

"ನಮ್ಮೂರ ಹುಡುಗೀರೆಲ್ಲ ನಮಗೆ ತಂಗೀರೇ," ಎಂದರು ತಾತ. "ನಿಮ್ಮ ಸಿಲಿಯಾನ ಕಳಿಸ್ಕೊಡಮ್ಮ ಫುಸಿ. ಜೊತೆಗೆ ಇನ್ನೊಬ್ಬಳು ಇರಲಿ. ನಿಮ್ಮ ದಂಡೆ ಹೆಣ್ಣುಗಳು ಕರೆದ್ರೆ ಬರೋರಲ್ಲ ಅಂತ ನಮ್ಮಲ್ಲಿ ಹಳೇ ಮಾತು. ಈ ಸಲನಾದ್ರೂ ಸುಳ್ಳಾಗ್ಲಿ!"

"ಆ ಮಾತು ಹುಟ್ಟಿಸಿದೋನ ಬಾಯಿಗೆ ಮರಳು ಬೀಳ!" ಎಂದಳು ಅತ್ತೆ. ಆದರೂ ಒಪ್ಪಿದಳು. ನಮ್ಮಲ್ಲಿ ಸೋದರತ್ತೆ ಒಪ್ಪಿದರೆ ಅಪ್ಪನೂ ಎದುರಾಡುವಂತಿಲ್ಲ.

ಸಿಲಿಯಾಳಿಗೆ ಗೊತ್ತಿತ್ತು, ಕಲಾಫಿ ಆ ಸುತ್ತಿನಲ್ಲಿ ಗಿಟಾರ್ ಹಿಡಿದು ಕೂರುತ್ತಾನೆ. ಅಲ್ಲಿ ಹಾಡುವುದೆಲ್ಲ ಪ್ರೇಮದ ಹಾಡುಗಳೇ. ತನ್ನ ಕೈಯಿಂದ ಕರಟ ತೆಗೆದುಕೊಂಡು, ತನ್ನೆದುರು ಕೂತು ಅವನು ಹಾಡುತ್ತಾನೆ...!

ಶುಕ್ರವಾರ ಕೂದಲಿಗೆ ತೆಂಗಿನೆಣ್ಣೆ ಹಚ್ಚಿ, ಕೊರಳಿಗೆ ಮಾಲೆ ಹಾಕಿ, ಕಲೋನಿಯ ಜೊತೆ ಕಟ್ಟೆದಾರಿ ದಾಟಿದಳು. ಗಂಡಸರೆಲ್ಲ ಚಾಪೆಯ ಮೇಲೆ ಸುತ್ತ ಕೂತಿದ್ದರು. ಕಲಾಫಿ ಗಿಟಾರಿನ ತಂತಿ ಬಿಗಿಯುತ್ತಿದ್ದ. ತಲೆ ಎತ್ತಿ ನೋಡಿದ.

ಎದ್ದು ನಿಂತ.

ಗಿಟಾರನ್ನು ಪಕ್ಕದವನ ಮಡಿಲಿಗಿಟ್ಟ. ತಲೆ ತಗ್ಗಿಸಿ, ಒಂದೂ ಮಾತಾಡದೆ, ಹಿಂದಿನ ಬಾಗಿಲಿನಿಂದ ಹೊರಟುಹೋದ.

ಸಿಲಿಯಾ ಬಾಗಿಲಲ್ಲೇ ನಿಂತುಬಿಟ್ಟಳು.

ಪ್ರೇಮದ ಹಾಡಿರುವಲ್ಲಿಗೆ ಹೆಣ್ಣು ಬಂದಾಗ ಗಂಡು ಎದ್ದು ಹೋದರೆ ಅದಕ್ಕೆ ಒಂದೇ ಅರ್ಥ. ಇವಳು ನನಗೆ ತಂಗಿ! ನಮ್ಮಲ್ಲಿ ಅತ್ತೆಯ ಮಗನಾಗಲಿ, ಮಾವನ ಮೊಮ್ಮಗನಾಗಲಿ, ಎಷ್ಟು ದೂರದ ನೆಂಟನಾಗಲಿ, ಎಲ್ಲರೂ ಅಣ್ಣಂದಿರೇ. ಅಣ್ಣ ತಂಗಿ ಒಂದೇ ಸೂರಿನಡಿ ಅಂಥ ಹಾಡು ಕೇಳುವಂತಿಲ್ಲ.

'ಅಂದ್ರೆ... ನಾನು ಅವನಿಗೆ ತಂಗಿನಾ?'

"ಹೋ, ಮೇಷ್ಟ್ರು ನಿಮಗೇನೋ ನೆಂಟ್ರಂತೆ!" ಯಾರೋ ನಕ್ಕರು. ಅವಳು ಮರದ ಬೋಗುಣಿಯ ಮುಂದೆ ಕೂತಳು. ಕೈ ತನ್ನಷ್ಟಕ್ಕೆ ಕಾವಾ ಕಲಸಿತು, ತನ್ನಷ್ಟಕ್ಕೆ ಕರಟ ತುಂಬಿತು.

ಗಂಡಸರು ತಮ್ಮ ದಂಡೆಯ ಹಳೆಯ ಹಾಡನ್ನು ಎತ್ತಿಕೊಂಡರು. ಬಹಳ ನಿಧಾನದ ರಾಗ.

ಇಳಿತಕ್ಕೆ ಬಾ ಎಂದೆ, ಮರಳ ದಾರಿಯ ತೋರಿದೆ,
ಕಂದೀಲು ಹಚ್ಚಿಟ್ಟು ದಂಡೆಯಲಿ ಕೂತೆ.
ಹೂಮಾಲೆ ಬಾಡಿತು, ಚುಕ್ಕಿಗಳು ಮುಳುಗಿದವು,
ನೀ ಬರಲಿಲ್ಲ, ನಲ್ಲೆ, ನೀ ಬರಲೇ ಇಲ್ಲ.

ಸಿಲಿಯಾ ಕರಟವನ್ನು ಬೋಗುಣಿಯ ಅಂಚಿಗೆ ಇಟ್ಟಳು.

ಕಂದೀಲು!

ಅಜ್ಜಿ ಕಲಿಸಿದ ಐದನೆಯ ಸಾಲು ಅವಳ ಕಿವಿಯಲ್ಲಿ ಟೊಕ್ ಟೊಕ್ ಎಂದು ಬಡಿಯಿತು. ಆಚೆಯ ದಂಡೆಗೆ ಕಂದೀಲು ಕಂಡೆ...

ಹೂ ಹಾಕಿಕೊಂಡ ಆ ಹೆಣ್ಣು ಬಂದಿದ್ದಳು! ಕಟ್ಟೆದಾರಿ ಇಲ್ಲದ ಕಾಲ. ಇಳಿತದಲ್ಲಿ ಸಮುದ್ರ ಹಿಂದೆ ಸರಿದಾಗ ಮರಳಿನ ಮೇಲೆ ನಡೆದು ಬಂದಿದ್ದಳು. ಪಾದಕ್ಕೆ ನೀರು, ಮೊಣಕಾಲಿಗೆ ನೀರು, ಸೊಂಟಕ್ಕೆ ನೀರು. ಅಲ್ಲಿ ನಿಂತಳು. ನೀರು ಏರಿತು, ಮುಂದೆ ಬರಲಾಗಲಿಲ್ಲ. ಅಷ್ಟೇ! ಇದು ತೊಗಟೆಯ ಲೆಕ್ಕವಲ್ಲ, ಈ ಹಾಡಿಗೆ ಉತ್ತರ!

ಗಂಡಸರು ತಮ್ಮ ಹಾಡನ್ನು ಕಾವಾ ಸುತ್ತು ಬಿಟ್ಟು ಬೇರೆಲ್ಲೂ ಹಾಡಲಿಲ್ಲ. ಹೆಂಗಸರು ತಮ್ಮದನ್ನು ದಿಮ್ಮಿಯ ಮುಂದೆ ಬಿಟ್ಟು ಬೇರೆಲ್ಲೂ ಹಾಡಲಿಲ್ಲ. ಪ್ರಶ್ನೆ ಆ ದಂಡೆಯಲ್ಲಿ ಉಳಿಯಿತು, ಉತ್ತರ ಈ ದಂಡೆಯಲ್ಲಿ. ಎರಡನ್ನೂ ಪೂರ್ತಿ ಕೇಳಿದವಳು ಬಹುಶಃ ಇವತ್ತಿನವರೆಗೆ ತಾನೊಬ್ಬಳೇ.

ಎದ್ದು ಓಡಿಹೋಗಿ ಅವನಿಗೆ ಹೇಳಬೇಕು ಅನ್ನಿಸಿತು. ಊರಲ್ಲಿ ಇದನ್ನು ಕೇಳಿ ಕುಣಿಯುವವನು ಅವನೊಬ್ಬನೇ!

ಆದರೆ... ಈಗ ಇದು ಪ್ರೇಮದ ಹಾಡು. ಅವನು ಅಣ್ಣ. ಅಣ್ಣನಿಗೆ ಈ ಸಾಲು ಹೇಳುವುದು ಹೇಗೆ?

* * *

ಸೋಮವಾರ ಕಲಾಫಿ ಬಂದ. ಆದರೆ ಒಳಗೆ ಬರಲಿಲ್ಲ. ಕಲೋನಿ ಒಳಗೆ ಕೂತು ಅವನಿಗೆಂದೇ ಕರಿದ ಬಾಳೆಹಣ್ಣಿನ ಉಂಡೆಗಳನ್ನು ಎಲೆಯಲ್ಲಿ ಕಟ್ಟುತ್ತಿದ್ದಳು. ಅವನು ದೀವಿಹಲಸಿನ ದೊಡ್ಡ ಮರದಡಿ, ಬಾಗಿಲಿನಿಂದ ಹತ್ತಾರು ಮಾರು ದೂರದಲ್ಲಿ, ನೆಲ ನೋಡುತ್ತ ನಿಂತ.

'ಮೊದಲು ಹೀಗೆ ದೂರ ನಿಲ್ತಿರಲಿಲ್ಲ,' ಎಂದುಕೊಂಡಳು ಸಿಲಿಯಾ. ಅವಳ ಕೊನೆಯ ಆಸೆಯೂ ಇಳಿದುಹೋಯಿತು.

"ಐದನೇ ಸಾಲು?" ಅವನು ಕೂಗಿ ಕೇಳಿದ.

"ಇನ್ನು ಸಾಲು ಇಲ್ಲ."

"ಮತ್ತೆ ಪೂರ್ತಿ ಗೊತ್ತು ಅಂದ್ರಿ?"

"ಮರೆತುಹೋಯ್ತು ಮೇಷ್ಟ್ರೇ."

ಅವನು ಸೈಕಲ್ ತಳ್ಳಿಕೊಂಡು ಹೋದ. ಹತ್ತಲೂ ಇಲ್ಲ.

"ಪಾಪ ಕಣೇ," ಕಲೋನಿ ಅಂದಳು. "ಉಂಡೆನೂ ತಗೊಳ್ಳಲಿಲ್ಲ. ನಂಗೆ ನಾಚ್ಕೋತಾರೆ ಅನ್ಸುತ್ತೆ. ನೋಡು, ನಾನಿದ್ರೆ ಒಳಗೇ ಬರಲ್ಲ!"

ಸಿಲಿಯಾ ಕೊಡತಿ ಎತ್ತಿಕೊಂಡಳು. ಗೆಳತಿಯ ಕನಸಾದರೂ ಉಳಿಯಲಿ ಎಂದುಕೊಂಡಳು.

ಮುಂದಿನ ಶುಕ್ರವಾರವೂ ಹಾಗೇ ಆಯಿತು. ಇವರಿಬ್ಬರೂ ಬಾಗಿಲಿಗೆ ಬಂದರು, ಅವನು ಎದ್ದು ಹೋದ. ಗಂಡಸರು ಹಾಡಿದರು. ನೀ ಬರಲಿಲ್ಲ, ನಲ್ಲೆ, ನೀ ಬರಲೇ ಇಲ್ಲ... ಬಂದು ಕೂತವಳ ಕಣ್ಣೀರು ಕಾವಾ ಬೋಗುಣಿಗೆ ಬೀಳದಂತೆ ನೋಡಿಕೊಳ್ಳುವುದೇ ಅವಳಿಗೆ ದೊಡ್ಡ ಕೆಲಸವಾಯಿತು.

* * *

ಮಂಗಳವಾರ ಸಿಲಿಯಾ ತೊಗಟೆಗೆ ತೂತು ಮಾಡಿದಳು.

ಫುಸಿ ಅತ್ತೆ ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ತೂತಿನಾಚೆಯಿಂದ ಸೋದರ ಸೊಸೆಯನ್ನು ನೋಡಿದಳು.

"ಏನೇ ಇದು? ತೊಗಟೆ ಮೇಲಿನ ಸಿಟ್ಟಾ, ಯಾರ ಮೇಲಿನದು?"

"ಏನಿಲ್ಲತ್ತೆ."

"ಏನಿಲ್ದೇ ಇಷ್ಟು ದೊಡ್ಡ ತೂತು ಬೀಳಲ್ಲ."

ಅಷ್ಟರಲ್ಲಿ ಹೊರಗೆ ಸೈಕಲ್ಲಿನ ಸದ್ದಾಯಿತು. ಕಲಾಫಿ ಮರದಡಿ ಬಂದು ನಿಂತ. ಈ ಸಲ ಅವನ ಮುಖದಲ್ಲಿ ನಗುವಿರಲಿಲ್ಲ.

"ಸಿಲಿಯಾ, ನನ್ನಿಂದ ಏನು ತಪ್ಪಾಯ್ತು ಹೇಳಿ, ಹೊರಟುಹೋಗ್ತೀನಿ. ಸಾಲು ಮರೆತಿಲ್ಲ ನೀವು. ಹೇಳೋಕೆ ಇಷ್ಟ ಇಲ್ಲ. ಅಷ್ಟೇ ತಾನೆ?"

ಸಿಲಿಯಾಳಿಗೆ ತಡೆಯಲಾಗಲಿಲ್ಲ. ಕೊಡತಿಯನ್ನು ದಿಮ್ಮಿಯ ಮೇಲೆ ಕುಕ್ಕಿ ಎದ್ದಳು.

"ಹೌದು, ಹೇಳಲ್ಲ! ಹೇಗೆ ಹೇಳ್ಲಿ? ಅಣ್ಣನಾದವನ ಮುಂದೆ ಆ ಸಾಲು ಹೇಳಬಾರದು!"

"ಅಣ್ಣ?" ಕಲಾಫಿ ಹಿಂದಕ್ಕೆ ತಿರುಗಿ ನೋಡಿದ, ಬೇರೆ ಯಾರಾದರೂ ಬಂದಿದ್ದಾರೇನೋ ಎಂಬಂತೆ. "ಯಾರ ಅಣ್ಣ?"

"ನೀವು! ನನ್ನನ್ನ ನೋಡಿದ ಕೂಡ್ಲೇ ಎದ್ದುಹೋದ್ರಲ್ಲ, ಒಂದ್ಸಲ ಅಲ್ಲ, ಎರಡು ಸಲ! ಊರೆಲ್ಲ ನೋಡ್ತು!"

"ಅಯ್ಯೋ ದೇವರೇ..." ಅವನು ತಲೆ ಹಿಡಿದುಕೊಂಡ. "ನಿಮಗೋಸ್ಕರ ಅಲ್ಲ ಸಿಲಿಯಾ! ಕಲೋನಿಗೋಸ್ಕರ!"

ಒಳಗೆ ಎಲೆಯ ಪೊಟ್ಟಣ ಕೆಳಗೆ ಬಿತ್ತು. ಕಲೋನಿ ಬಾಗಿಲಿಗೆ ಓಡಿಬಂದಳು.

"ನಾನಾ?!"

"ನನ್ನ ಅಮ್ಮನ ಅಪ್ಪ, ನಿಮ್ಮ ಅಜ್ಜಿ, ಇಬ್ರೂ ಒಡಹುಟ್ಟಿದವರು. ನಿಮ್ಮಜ್ಜಿ ವವಾವುನಿಂದ ಇಲ್ಲಿಗೆ ಮದುವೆಯಾಗಿ ಬಂದವರಲ್ವಾ? ನೀವು ಕಾವಾಕ್ಕೆ ಬರೋ ಸುದ್ದಿ ಕೇಳಿ ಅಮ್ಮನೇ ಹೇಳಿದ್ರು. ನೀವಿದ್ದೀರಿ ಅಂತಲೇ ಇಲ್ಲೂ ಒಳಗೆ ಬರಲಿಲ್ಲ. ನಿಮಗೆಲ್ಲ ಗೊತ್ತಿರುತ್ತೆ ಅಂದ್ಕೊಂಡಿದ್ದೆ!"

"ಅಜ್ಜಿ ನಮ್ಮಮ್ಮ ಮಗುವಾಗಿದ್ದಾಗಲೇ ತೀರ್ಕೊಂಡ್ರು! ನಂಗೆ ಹೇಗೆ ಗೊತ್ತಿರುತ್ತೆ?" ಕಲೋನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯಯ್ಯೋ! ನಾನು ಅಣ್ಣನಿಗೆ ಉಂಡೆ ಕರಿದು ಕರಿದು ಕೊಟ್ನಾ? ಸಿಲಿಯಾ, ಯಾರಿಗೂ ಹೇಳ್ಬೇಡ ಕಣೇ! ದೇವರಾಣೆ!"

ಫುಸಿ ಅತ್ತೆ ನಕ್ಕ ನಗೆಗೆ ಅಂಗಳದ ಕೋಳಿಗಳು ಚದುರಿದವು.

"ತಂಗಿ ಕೊಟ್ಟಿದ್ದು ತಿನ್ನೋಕೇನಂತೆ? ತಗೋ ಮೇಷ್ಟ್ರೇ, ತಿನ್ನು!" ಎಂದಳು ಕಣ್ಣೊರೆಸಿಕೊಳ್ಳುತ್ತ. ಮರುಗಳಿಗೆಗೆ ದನಿ ಗಂಭೀರವಾಯಿತು. "ನಮ್ಮ ಸಿಲಿಯಾ ನಿನಗೆ ಯಾವ ಕಡೆಯಿಂದಲೂ ತಂಗಿ ಅಲ್ಲ ತಾನೆ?"

"ಅಲ್ಲ." ಅವನು ಸಿಲಿಯಾಳನ್ನೇ ನೋಡಿದ. "ಎರಡೂ ಮನೆ ಕಡೆಯಿಂದ ಏಳು ತಲೆ ಕೇಳಿ ನೋಡಿದೀನಿ. ಅಮ್ಮನ ಹತ್ರ, ಪಾದ್ರಿಗಳ ಹತ್ರ, ಮಾಲಕೈ ತಾತನ ಹತ್ರ. ಎಲ್ಲೂ ಸಂಬಂಧ ಇಲ್ಲ ಅಂದ್ಮೇಲೇನೇ ನನಗೆ ಊಟ ಸೇರಿದ್ದು."

ಸಿಲಿಯಾಳಿಗೆ ಕೆನ್ನೆ ಬಿಸಿಯಾಯಿತು. ಏಳು ತಲೆ...! ತಾನು ಅಳುತ್ತಿದ್ದಾಗ ಅವನು ವಂಶ ಜಾಲಾಡುತ್ತಿದ್ದನೇ?

"ಹಾಗಾದ್ರೆ ಐದನೇ ಸಾಲು ಕೊಡೇ," ಎಂದಳು ಅತ್ತೆ. "ಬಡಿತಕ್ಕೆ ನಾನಿದೀನಿ. ನನ್ನ ಕಿವುಡಿ ಅಂದ್ಕೊಳ್ಳಿ. ಕಲೋನಿ, ನೀನು ಏಳು."

"ನಾನ್ಯಾಕೆ?"

"ಅಣ್ಣ ಇದಾನೆ, ಹಾಡು ಶುರುವಾಗ್ತಿದೆ. ಈ ಸಲ ನೀನು ಎದ್ದುಹೋಗು!"

ಕಲೋನಿ ಗೊಣಗುತ್ತ, ಉಂಡೆಯ ಪೊಟ್ಟಣ ಎತ್ತಿಕೊಂಡು, ಕಿವಿ ಮುಚ್ಚಿಕೊಳ್ಳುವ ನಾಟಕವಾಡುತ್ತ ಹೊರಟಳು.

ಕಲಾಫಿ ಎಷ್ಟೋ ದಿನಗಳ ಮೇಲೆ ಒಳಗೆ ಬಂದು ಬಾಗಿಲ ಪಕ್ಕ ಕೂತ.

"ಮೊದಲು ನಿಮ್ಮ ದಂಡೆ ಹಾಡು ಹಾಡಿ," ಎಂದಳು ಸಿಲಿಯಾ. "ನೀ ಬರಲಿಲ್ಲ ಅಂತ ಇದೆಯಲ್ಲ, ಅದು."

"ಅದ್ಯಾಕೆ?"

"ಹಾಡಿ. ನನ್ನ ಕೊಡತಿ ಬೀಳೋ ವೇಗಕ್ಕೆ ಹಾಡಿ."

ಅವನು ಹಾಡಿದ. ಎಳೆದೆಳೆದು ಹಾಡುತ್ತಿದ್ದ ಆ ಅಳುವ ಹಾಡು ಕೊಡತಿಯ ಪೆಟ್ಟಿಗೆ ಸರಿಯಾಗಿ ಬೀಳತೊಡಗಿದಾಗ ಅವನಿಗೇ ಆಶ್ಚರ್ಯವಾಯಿತು. ಕಂದೀಲು ಹಚ್ಚಿಟ್ಟು ದಂಡೆಯಲಿ ಕೂತೆ... ನೀ ಬರಲೇ ಇಲ್ಲ...

ಅವನ ಕೊನೆಯ ಅಕ್ಷರ ಮುಗಿಯುವ ಮೊದಲೇ ಸಿಲಿಯಾ ಎತ್ತಿಕೊಂಡಳು.

ಬಂದೆ ಬಂದೆ, ಮರಳಿಗೆ ಬಂದೆ,
ಪಾದಕೆ ನೀರು, ಮೊಣಕಾಲ ನೀರು,
ಸೊಂಟಕೆ ನೀರು, ನಿಂತೆ ನಿಂತೆ,
ಕೊರಳಿನ ಹೂವು ತೊಯ್ದು ತೊಯ್ದು.
ಆಚೆಯ ದಂಡೆಗೆ ಕಂದೀಲು ಕಂಡೆ,
ಕೂಗಿದೆ ಕೂಗಿದೆ, ಗಾಳಿ ಒಯ್ದಿತು.
ಆರಿಸಬೇಡ, ನಾಳೆಯೂ ಇಳಿತ,
ಬರುವೆನು ಬರುವೆನು, ಬಂದೇ ಬರುವೆ.

ಕೊಡತಿ ನಿಂತಿತು. ಅತ್ತೆಯದೂ ನಿಂತಿತು. ಅಂಗಳದಲ್ಲಿ ಹರವಿದ ಬಟ್ಟೆಯ ಅಂಚು ಗಾಳಿಗೆ ಪಟಪಟಿಸುವುದೊಂದೇ ಸದ್ದು.

"ಅವಳು ಬಂದಿದ್ಲು," ಕಲಾಫಿ ಪಿಸುಗುಟ್ಟಿದ. ಅವನ ಕಣ್ಣು ತುಂಬಿತ್ತು. "ಬಂದಿದ್ಲು ಸಿಲಿಯಾ! ಆ ದಂಡೆ ಗಂಡಸರೆಲ್ಲ ಇಷ್ಟು ವರ್ಷ ಕೂತು ಅವಳನ್ನ ಬೈಕೊಂಡು ಹಾಡಿದ್ರು..."

"ನಾವು ತೊಗಟೆ ನೆನೆಸೋ ಲೆಕ್ಕ ಅಂದ್ಕೊಂಡಿದ್ವಿ."

"ಕಂದೀಲು ಹಚ್ಚಿ ಕೂತವನಿಗೆ ಗೊತ್ತಾಗ್ಲೇ ಇಲ್ವೇನೋ."

"ನನಗೂ ಗೊತ್ತಾಗ್ತಿರಲಿಲ್ಲ," ಸಿಲಿಯಾ ಅವನತ್ತ ನೋಡದೆ ಅಂದಳು. "ನೀವಿವತ್ತು ಬರದೇ ಹೋಗಿದ್ರೆ, ನಾನೂ ಸೊಂಟದ ನೀರಲ್ಲೇ ನಿಂತಿರ್ತಿದ್ದೆ."

ಫುಸಿ ಅತ್ತೆಗೆ ಇದ್ದಕ್ಕಿದ್ದಂತೆ ಅಂಗಳದ ಬಟ್ಟೆ ಒಣಗಿತೇ ನೋಡಬೇಕೆನಿಸಿತು. ಸೊಂಟ ಹಿಡಿದುಕೊಂಡು ಎದ್ದು ಹೊರಟಳು. "ಮಾಲಕೈ ಸಿಗ್ಲಿ, ಯಾವ ದಂಡೆಯವಳು ಬರ್ಲಿಲ್ಲ ಅಂತ ಕೇಳ್ತೀನಿ!" ಎಂದು ಗೊಣಗುವುದು ಒಳಗೂ ಕೇಳಿಸಿತು.

"ಸಿಲಿಯಾ..." ಕಲಾಫಿ ದಿಮ್ಮಿಯ ಆಚೆ ಬಂದು ಕೂತ. "ಹಾಡು ಹುಡುಕ್ಕೊಂಡು ಬಂದೆ ಅನ್ನೋದು ಮೊದಲ ದಿನ ಮಾತ್ರ ನಿಜ. ಆಮೇಲೆ ದಿನಕ್ಕೊಂದು ಸಾಲು ಅಂದಾಗ, ಈ ಹಾಡಿಗೆ ಸಾವಿರ ಸಾಲಿರಲಿ ಅಂತ ಬೇಡ್ಕೋತಿದ್ದೆ."

"ಎಂಟೇ ಇರೋದು. ಮುಗೀತು."

"ಮುಗಿದ್ರೂ ಬರಬಹುದಾ?"

ಅವಳು ತೂತು ಬಿದ್ದ ತೊಗಟೆಯ ಅಂಚನ್ನು ಬೆರಳಿನಿಂದ ತೀಡುತ್ತ ನಕ್ಕಳು. "ತೇಪೆ ಹಚ್ಚೋಕೆ ಒಬ್ಬರು ಬೇಕು."

"ನಾಳೆ ಬೆಳಿಗ್ಗೆ ಅಮ್ಮನ ಕರ್ಕೊಂಡು ಬರ್ತೀನಿ. ಕಟ್ಟೆದಾರಿ ಮೇಲೆ, ಎಲ್ಲರೂ ನೋಡೋ ಹಾಗೆ. ನಿಮ್ಮಪ್ಪನ ಹತ್ರ, ಅದಕ್ಕೂ ಮೊದಲು ಅತ್ತೆ ಹತ್ರ ಕೇಳ್ತೀನಿ. ಆ ಹುಡುಗಿ ಪಟ್ಟ ಪಾಡು ಸಾಕು. ಈ ಸಲ ನೀನು ನೀರಿಗಿಳಿಯೋದು ಬೇಡ. ನಾನೇ ಬರ್ತೀನಿ. ನೀನು ಸುಮ್ನೆ ಮನೇಲಿ ಕಾಯ್ತೀಯಾ?"

ನೀನು ಅಂದ! ಅವಳ ಮೈಯೆಲ್ಲ ಆ ಒಂದು ಮಾತನ್ನು ಕೇಳಿಸಿಕೊಂಡಿತು.

"ನಾಳೆ ಇಳಿತ ಎಷ್ಟೊತ್ತಿಗೆ?" ಎಂದು ಕೇಳಿದಳು.

"ಬಿಸಿಲೇರೋ ಮುಂಚೆ. ಯಾಕೆ?"

"ಸುಮ್ನೆ ಕೇಳಿದೆ. ಜೋಪಾನವಾಗಿ ಹೋಗು, ಎದುರುಗಾಳಿ ಇದೆ."

"ನೀನು ಕೊಟ್ಟ ಎಂಟು ಸಾಲಿದೆ. ಗಾಳಿ ಏನ್ಮಾಡುತ್ತೆ?"

ಅವನು ಹೋದ. ಕಟ್ಟೆದಾರಿಯ ತುದಿಯವರೆಗೂ ಅವನ ಹಾಡು ಕೇಳಿಸುತ್ತಿತ್ತು, ಕೊಡತಿಯ ವೇಗದಲ್ಲಿ.

ಸಿಲಿಯಾ ಮತ್ತೆ ದಿಮ್ಮಿಯ ಮುಂದೆ ಕೂತಳು. ಬಾಗಿಲಿನಿಂದ ಸಮುದ್ರ ಕಾಣುತ್ತಿತ್ತು. ಕಟ್ಟೆದಾರಿಯ ಪಕ್ಕದಲ್ಲೇ, ಈಗ ಯಾರೂ ತುಳಿಯದ ಹಳೆಯ ಮರಳದಾರಿ ನೀರಿನಡಿಯಲ್ಲಿ ಮಸುಕಾಗಿ ಹೊಳೆಯುತ್ತಿತ್ತು. ನಾಳೆ ಬೆಳಿಗ್ಗೆ ಇಳಿತಕ್ಕೆ ಅದರ ಮೇಲಿನ ನೀರು ತಗ್ಗುತ್ತದೆ. ಪಾದದಷ್ಟು ನೀರು, ಹೆಚ್ಚೆಂದರೆ ಮೊಣಕಾಲು.

ಅವಳು ಮನೆಯಲ್ಲಿ ಕಾಯುವುದಿಲ್ಲ. ಕೊರಳಿಗೆ ಮಾಲೆ ಹಾಕಿಕೊಂಡು, ಲಂಗ ಎತ್ತಿ ಕಟ್ಟಿ, ಅವನು ಸೈಕಲ್ ಹೊರಗೆ ತೆಗೆಯುವ ಮೊದಲೇ ಆಚೆ ದಂಡೆಗೆ ಹೋಗಿ ನಿಂತಿರುತ್ತಾಳೆ. ಎಷ್ಟೋ ವರ್ಷಗಳ ಹಿಂದೆ ಹೊರಟವಳು ಕೊನೆಗೂ ಬಂದು ಮುಟ್ಟಲಿ.

"ಏನೇ, ಒಬ್ಬಳೇ ನಗ್ತಿದೀಯ?" ಬಟ್ಟೆ ಮಡಚುತ್ತ ಒಳಬಂದ ಅತ್ತೆ ಕೇಳಿದಳು.

"ಏನಿಲ್ಲತ್ತೆ," ಎಂದಳು ಸಿಲಿಯಾ, ಕೊಡತಿ ಎತ್ತಿಕೊಳ್ಳುತ್ತ. "ತೊಗಟೆ ಚೆನ್ನಾಗಿ ಹಿಗ್ತಿದೆ."